ಸಾಕ್ಷಿ ಹೇಳಿದ ಬಾಯಿ

ಮಸ್ಕಿ
13 ಜೂನ್ 2023

ಬೀಗತಿ ಸುಕನ್ಯಾ ಅವರಿಗೆ ಪೀರಮ್ಮನ ವಂದನೆಗಳು.

ಫೋನ್ ಮಾಡದೆ ಪತ್ರ ಬರೆದಿದ್ದಾಳೆಂದು ಆಶ್ಚರ್ಯಪಡಬೇಡಿ. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ ಹೋಗಿದೆ. ಫೋನಿನಲ್ಲಿ ನಾನು ಕೂಗಿದರೆ ಓಣಿಗೆಲ್ಲ ಕೇಳುತ್ತದೆ, ನನಗೆ ಮಾತ್ರ ಕೇಳುವುದಿಲ್ಲ. ನಿಮ್ಮ ಅಳಿಯ ವೀರೇಶ ಹೇಗೂ ಸಿಂಧನೂರು–ಲಿಂಗಸುಗೂರು ಬಸ್ಸಿನ ಕಂಡಕ್ಟರ್. ದಿನಾ ನಿಮ್ಮೂರಿನ ಸ್ಟ್ಯಾಂಡಿಗೆ ಬರುತ್ತಾನೆ. ಅವನ ಚೀಲದಲ್ಲಿಯೇ ಕಳಿಸಿದ್ದೇನೆ.

ಸಂತೋಷದ ಸುದ್ದಿ ಇದೆ. ಮೊನ್ನೆ ಭಾನುವಾರ ನಿಮ್ಮ ಮಗಳು ಅಶ್ವಿನಿ ನಮ್ಮ ಚರ್ಚಿನ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳು. ಕ್ಷಯದಿಂದ ದೇವರು ತನ್ನನ್ನು ಬಿಡಿಸಿದನೆಂದು ಎಲ್ಲರ ಮುಂದೆ ಹೇಳಿದಳು. ಏಪ್ರಿಲ್‌ನಲ್ಲಿ ಆಕೆಗೆ ಟಿಬಿ ಎಂದು ಗೊತ್ತಾದ ದಿನದಿಂದ ನಾನು ಪ್ರತಿ ಶುಕ್ರವಾರ ನೀರು ಸಹ ಮುಟ್ಟದೆ ಮೊಣಕಾಲೂರಿದ್ದೇನೆ. ಈಗ ಕೆಮ್ಮು ನಿಂತಿದೆ, ಜ್ವರ ಇಲ್ಲ, ಮೈ ತುಂಬಿದೆ. ಕಫದ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಬಂದಿದೆ. ಇದಕ್ಕಿಂತ ಇನ್ನೇನು ಬೇಕು?

ಎದ್ದು ನಿಲ್ಲುವ ಮೊದಲು ಆಕೆ ನನ್ನ ಸೆರಗು ಜಗ್ಗಿದಳು. "ಅತ್ತಿ, ಇನ್ನಾ ನಾಕು ತಿಂಗಳ ಗುಳಿಗಿ ಅದಾವು. ಮುಗಿಸಿ ಹೇಳ್ಲೇನು?" ಎಂದಳು. "ದೇವರ ಕೆಲಸಕ್ಕ ಕೋರ್ಸು ಇರ್ತದೇನು? ಏಳು," ಎಂದೆ. ಎದ್ದಳು. ಮೊದಮೊದಲು ತಡವರಿಸಿದಳು. ಆಮೇಲೆ ಚೆನ್ನಾಗಿ ಹೇಳಿದಳು. ಹೆಂಗಸರು ಅತ್ತರು. ಪಂಪಾಪತಿ ಪಾಸ್ಟರೂ ಸಂತೋಷಪಟ್ಟರು. ನಮ್ಮ ಯಜಮಾನರು ಹಿರಿಯರಾಗಿದ್ದ ಕಾಲದಿಂದ ಈ ಸಭೆಯಲ್ಲಿ ನಮ್ಮ ಮನೆಯ ಮಾತಿಗೆ ಒಂದು ತೂಕ ಇದೆ. ಅದು ಇನ್ನಷ್ಟು ಹೆಚ್ಚಿತು.

ಇನ್ನೊಂದು ಮಾತು. ಸಾಕ್ಷಿ ಹೇಳಿದ ಬಾಯಿಗೆ ಗುಳಿಗೆ ಹಾಕಿದರೆ ಸಾಕ್ಷಿ ಸುಳ್ಳಾಗುತ್ತದೆ. ಆದ್ದರಿಂದ ಸೋಮವಾರದಿಂದ ಬಿಡಿಸಿದ್ದೇನೆ. ನೀವು ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಆಗಿ ರಿಟೈರ್ ಆದವರು, ಓದಿದವರು. ನಾನು ಎಸ್ಸೆಸ್ಸೆಲ್ಸಿವರೆಗೆ ಕಲಿತವಳು. ಆದರೆ ಲೋಕದ ತಿಳುವಳಿಕೆ ಬೇರೆ, ದೇವರು ಕೊಡುವ ಜ್ಞಾನ ಬೇರೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಮೊಮ್ಮಗಳು ಚನ್ನು ಚೆನ್ನಾಗಿದ್ದಾಳೆ. ಅಂಗನವಾಡಿಗೆ ಹೋಗಲು ಅಳುವುದಿಲ್ಲ.

ಪೀರಮ್ಮ


ಲಿಂಗಸುಗೂರು
20 ಜೂನ್ 2023

ಪೂಜ್ಯ ಅಕ್ಕನವರಿಗೆ ಸುಕನ್ಯಾಳ ವಂದನೆಗಳು.

ಪತ್ರ ಓದಿದೆ. ನಿಮ್ಮ ಉಪವಾಸ, ಪ್ರಾರ್ಥನೆಗೆ ನಾನು ಋಣಿ. ನನ್ನ ಮಗಳಿಗಾಗಿ ನನಗಿಂತ ಹೆಚ್ಚು ಮೊಣಕಾಲೂರಿದವರು ನೀವು.

ಆದರೆ ಗುಳಿಗೆ ಬಿಡಿಸಿದ್ದು ಸರಿಯಲ್ಲ ಅಕ್ಕ. ಎರಡು ತಿಂಗಳ ಗುಳಿಗೆಗೆ ಬಹಳಷ್ಟು ಕ್ರಿಮಿ ಸಾಯುತ್ತವೆ, ರೋಗಿಗೆ ಆರಾಮ ಎನಿಸುತ್ತದೆ. ಉಳಿದವು ಅಡಗಿ ಕೂತಿರುತ್ತವೆ. ಈಗ ಬಿಟ್ಟರೆ ಅವು ಏಳುತ್ತವೆ. ಎದ್ದ ಮೇಲೆ ಅವು ಅದೇ ಗುಳಿಗೆಗೆ ಬಗ್ಗುವುದಿಲ್ಲ. ನಾನು ಇದನ್ನು ಪುಸ್ತಕದಲ್ಲಿ ಓದಿದ್ದಲ್ಲ, ಹಳ್ಳಿಹಳ್ಳಿಯಲ್ಲಿ ಕಂಡಿದ್ದೇನೆ.

ದೇವರ ಜ್ಞಾನ, ಲೋಕದ ತಿಳುವಳಿಕೆ ಎಂದು ಬರೆದಿದ್ದೀರಿ. ಸರ್ವಿಸಿನಲ್ಲಿದ್ದಷ್ಟು ಕಾಲ ಪ್ರತಿ ಹೆರಿಗೆಗೂ ಮೊದಲು ನಾನು ಪ್ರಾರ್ಥನೆ ಮಾಡಿದೆ, ಕೈಯನ್ನೂ ತೊಳೆದೆ. ಯಾವುದನ್ನು ಮೊದಲು ಮಾಡುತ್ತಿದ್ದೆ ಎಂದು ಈಗ ಕೇಳಿದರೆ ನೆನಪಿಲ್ಲ. ಎರಡರಲ್ಲಿ ಒಂದನ್ನು ಬಿಡು ಎಂದು ದೇವರು ಒಮ್ಮೆಯೂ ಹೇಳಲಿಲ್ಲ.

ಸಭೆಯವರ ಎದುರು ಸಂಕೋಚವೆನಿಸಿದರೆ ಆಕೆ ಒಳಗಿನ ಕೋಣೆಯಲ್ಲಿ ತೆಗೆದುಕೊಳ್ಳಲಿ. ಯಾರಿಗೂ ತಿಳಿಯಬೇಕಿಲ್ಲ. ದಯವಿಟ್ಟು ಮನಸ್ಸು ಮಾಡಿ.

ಸುಕನ್ಯಾ


ಮಸ್ಕಿ
2 ಜುಲೈ 2023

ಸುಕನ್ಯಾ ಅವರಿಗೆ,

ಒಳಗಿನ ಕೋಣೆಯಲ್ಲಿ ನುಂಗಲಿ ಎಂದು ನನಗೆ ಬರೆದಿರಿ. ನನ್ನ ಒಪ್ಪಿಗೆಗೆ ಕಾಯದೆ ಮಗಳಿಗೂ ಅದನ್ನೇ ಫೋನಿನಲ್ಲಿ ಹೇಳಿದಿರಿ. ನಿನ್ನೆ ಅಕ್ಕಿ ಡಬ್ಬಿಯಲ್ಲಿ ಕೈ ಹಾಕಿದರೆ ಗುಳಿಗೆಯ ಹಾಳೆ ಸಿಕ್ಕಿತು. ನಿಮ್ಮ ಮಗಳು ನನ್ನೆದುರು ತಲೆ ತಗ್ಗಿಸಿ ನಿಂತಳು. ಈ ಮನೆಯಲ್ಲಿ ಕದ್ದು ಉಪ್ಪು ತಿಂದವರೂ ಇಲ್ಲ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಗುಲ್ಷನ್‌ಬೀ ಗುಳಿಗೆ ನುಂಗಿಸಲು ದಿನಾ ಬಾಗಿಲಿಗೆ ಬರುತ್ತಿದ್ದಳು. ಆಕೆಯನ್ನೂ ಕರೆದು ಹಾಳೆ ವಾಪಸು ಕೊಟ್ಟು, ಇನ್ನು ಬರಬೇಡವೆಂದೆ. ಆಕೆಯ ಬಾಯಿ ನೋಡಿ: "ನಾನೂ ಐದು ಹೊತ್ತು ನಮಾಜ್ ಮಾಡಾಕಿ ಇದ್ದೀನ್ರಿ ಅಮ್ಮಾ. ಅಲ್ಲಾನ ಮುಂದ ಹಿಂಗ ಹಟ ಮಾಡಂಗಿಲ್ಲ." ನಾನು ಬಾಗಿಲು ಹಾಕಿದೆ.

ನಮ್ಮ ಸಭೆಯಲ್ಲಿ ನಮ್ಮ ಮನೆ ಬೀಳಲೆಂದು ಕಾದಿರುವವರು ಇದ್ದಾರೆ. ಸಾಕ್ಷಿ ಹೇಳಿದವಳು ಗುಳಿಗೆ ನುಂಗುತ್ತಾಳೆ ಎಂದು ಅವರಿಗೆ ತಿಳಿದರೆ ನಗುವುದು ನನ್ನನ್ನಲ್ಲ, ದೇವರನ್ನು. ಇದು ನಿಮಗೆ ತಿಳಿಯುವುದಿಲ್ಲ. ನೀವು ರೋಗ ನೋಡಿದವರು, ನಂಬಿಕೆ ನೋಡಿದವರಲ್ಲ. ಮಗಳಿಗೆ ಸುಳ್ಳು ಕಲಿಸುವ ತಾಯಿಯ ಪತ್ರ ನನಗೆ ಬೇಡ. ಆಕೆ ಈಗ ನಮ್ಮ ಮನೆಯವಳು.

ಪೀರಮ್ಮ


ಲಿಂಗಸುಗೂರು
4 ಜುಲೈ 2023

ಅಕ್ಕನವರಿಗೆ,

ಪತ್ರ ಬೇಡ ಎಂದಿದ್ದೀರಿ, ಇದೇ ಕೊನೆಯದು. ಕರೆಯದ ಮನೆಗೆ ನಾನು ಕಾಲಿಡುವವಳಲ್ಲ. ನನ್ನ ಅವಶ್ಯಕತೆ ಬಿದ್ದ ದಿನ ನೀವೇ ಕರೆಯುತ್ತೀರಿ.

ಸುಕನ್ಯಾ


ಮಸ್ಕಿ
14 ನವೆಂಬರ್ 2023

ಬೀಗತಿ ಸುಕನ್ಯಾ ಅವರಿಗೆ ವಂದನೆಗಳು.

ಬಹಳ ದಿನವಾಯಿತು. ನಾವೆಲ್ಲ ಕ್ಷೇಮ. ಈ ಸಲ ಕಾಲುವೆ ನೀರು ಕೊನೆಯವರೆಗೆ ಬರಲಿಲ್ಲ, ಆದರೂ ದಢೇಸುಗೂರಿನ ಕಡೆ ಭತ್ತದ ಕೊಯ್ಲು ಶುರುವಾಗಿದೆ. ರಸ್ತೆಯ ತುಂಬ ಧೂಳು. ಆ ಧೂಳಿಗೆ ಅಶ್ವಿನಿಗೆ ಸ್ವಲ್ಪ ಕೆಮ್ಮು ಹತ್ತಿದೆ. ಊಟ ಕಡಿಮೆಯಾಗಿದೆ. ಸೊರಗಿದಂತೆ ಕಾಣುತ್ತಾಳೆ. ಮನೆ ಕೆಲಸ ಹೆಚ್ಚು ಹಚ್ಚುತ್ತಿಲ್ಲ. ಪಾತ್ರೆ ನಾನೇ ತೊಳೆಯುತ್ತೇನೆ.

ಕೆಮ್ಮಿಗೆ ನಿಮಗೆ ತಿಳಿದ ಒಳ್ಳೆಯ ಔಷಧ ಯಾವುದಾದರೂ ಇದ್ದರೆ ವೀರೇಶನ ಕೈಯಲ್ಲಿ ಕಳಿಸಬಹುದು.

ಚನ್ನು ನಿಮ್ಮನ್ನು ನೆನೆಯುತ್ತಾಳೆ. ನಿಮಗೆ ಬರಬೇಕೆನಿಸಿದರೆ ಬರಬಹುದು. ಬರಬೇಡಿ ಎಂದು ನಾನು ಎಂದೂ ಹೇಳಿಲ್ಲ, ಪತ್ರ ಬೇಡ ಎಂದಿದ್ದೆ ಅಷ್ಟೇ.

ಪೀರಮ್ಮ


ಲಿಂಗಸುಗೂರು
19 ನವೆಂಬರ್ 2023

ಅಕ್ಕನವರಿಗೆ ವಂದನೆಗಳು.

ಅಶ್ವಿನಿಯ ಕೆಮ್ಮಿಗೆ ನೀವು ಗಾಬರಿಯಾದಂತಿದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಹೇಳಿಬಿಡುತ್ತೇನೆ. ನೀವು ಗುಲ್ಷನ್‌ಬೀಯನ್ನು ಕಳಿಸಿಬಿಟ್ಟ ಮೇಲೆ ಗುಳಿಗೆಯನ್ನು ನಾನೇ ಇಲ್ಲಿಯ ಆಸ್ಪತ್ರೆಯಿಂದ ಪಡೆದು ವೀರೇಶನ ಕೈಯಲ್ಲಿ ಕಳಿಸಿದೆ. ಅಶ್ವಿನಿ ಪೂರ್ತಿ ಕೋರ್ಸ್ ಮುಗಿಸಿದ್ದಾಳೆ. ಪ್ರತಿ ವಾರ ಫೋನಿನಲ್ಲಿ ಕೇಳಿದ್ದೇನೆ, "ತಗೊಂಡೀನವ್ವ" ಎಂದಿದ್ದಾಳೆ. ಇಷ್ಟು ದಿನ ಆಕೆ ಆರಾಮಿದ್ದರೆ ಅದಕ್ಕೆ ಕಾರಣ ಯಾವುದೆಂದು ನೀವೇ ಯೋಚಿಸಿ.

ಆದ್ದರಿಂದ ಇದು ಧೂಳಿನ ಕೆಮ್ಮೇ ಇರಬೇಕು. ಬಿಸಿನೀರಿನ ಹಬೆ ಕೊಡಿ. ಔಷಧ ಕಳಿಸಿದ್ದೇನೆ. ಕ್ರಿಸ್ಮಸ್ಸಿಗೆ ನೋಡೋಣ, ಬಂದರೆ ಬರುತ್ತೇನೆ.

ನಿಮ್ಮಿಂದ ಮುಚ್ಚಿಟ್ಟದ್ದಕ್ಕೆ ಕ್ಷಮೆ ಇರಲಿ. ಪಶ್ಚಾತ್ತಾಪವೇನೂ ಇಲ್ಲ.

ಸುಕನ್ಯಾ


ಮಸ್ಕಿ
20 ನವೆಂಬರ್ 2023

ಸುಕನ್ಯಾ ಅವರೇ,

ಮುಗಿಸಿಲ್ಲ. ಒಂದನ್ನೂ ನುಂಗಿಲ್ಲ.

ನಿಮ್ಮ ಪತ್ರ ಓದಿದ ಕೂಡಲೇ ಆಕೆಯನ್ನು ಕೇಳಿದೆ. ಎದ್ದು ಹೋಗಿ ಮದುವೆಯ ಟ್ರಂಕು ತೆರೆದಳು. ನೀವು ಕಳಿಸಿದ ಹಾಳೆಗಳೆಲ್ಲ ಸೀರೆಯ ಕೆಳಗೆ ಒಡೆಯದೆ ಹಾಗೇ ಇದ್ದವು. ಯಾಕೆ ನುಂಗಲಿಲ್ಲ ಎಂದೆ. ಹೇಳಿದಳು:

"ಸಭಾದಾಗ ಎದ್ದು ನಿಂತು ಹೇಳೀನಿ ಅತ್ತಿ. ಕದ್ದು ನುಂಗಿದ್ರ ದೇವರ ಮುಂದ ಸುಳ್ಳಗಿತ್ತಿ ಆಗ್ತಿದ್ದೆ. ನುಂಗಿಲ್ಲಂತ ಅಂದಿದ್ರ ಅವ್ವ ನಿಮ್ಮ ಜೋಡಿ ಜಗಳಕ್ಕ ಬರ್ತಿದ್ಲು. ಅವ್ವನ ಮುಂದಷ್ಟ ಸುಳ್ಳು ಹೇಳಿದ್ನಿ. ಅಕಿ ಮಾಫ್ ಮಾಡ್ತಾಳ."

ಕೆಮ್ಮು ಸ್ವಲ್ಪ ಎಂದು ಬರೆದಿದ್ದೆ. ಸ್ವಲ್ಪ ಅಲ್ಲ. ದಸರಾದಿಂದ ಕಫದಲ್ಲಿ ರಕ್ತ ಬರುತ್ತಿದೆ. ಬಟ್ಟೆಗಳನ್ನು ನಾನೇ ಒಗೆಯುತ್ತಿದ್ದೆ, ಯಾರೂ ನೋಡಬಾರದೆಂದು.

ವೀರೇಶ ಮೊದಲನೆಯ ಟ್ರಿಪ್ಪಿಗೆ ಬರುತ್ತಾನೆ. ಅದೇ ಬಸ್ಸಿಗೆ ಬನ್ನಿ. ಕರೆಯುತ್ತಿದ್ದೇನೆ.

ಪೀರಮ್ಮ


ರಾಯಚೂರು, ಆಸ್ಪತ್ರೆಯಿಂದ
9 ಜನವರಿ 2024

ಅಕ್ಕ,

ನಿಮಗೆ ಫೋನಿನಲ್ಲಿ ಕೇಳುವುದಿಲ್ಲ, ವೀರೇಶ ಸರಿಯಾಗಿ ಹೇಳುವುದಿಲ್ಲ. ಬಸ್ಸಿನ ತುಂಬ ಕೂಗಾಡುವವನು ಇಲ್ಲಿ ವಾರ್ಡಿನ ಬಾಗಿಲಲ್ಲಿ ಬಂದು ಗೋಡೆಯಂತೆ ನಿಲ್ಲುತ್ತಾನೆ. ಆದ್ದರಿಂದ ಬರೆಯುತ್ತಿದ್ದೇನೆ.

ಹಳೆಯ ಗುಳಿಗೆಗೆ ಈಗ ರೋಗ ಬಗ್ಗುತ್ತಿಲ್ಲ. ಬೇರೆ ಔಷಧ ಶುರು ಮಾಡಿದ್ದಾರೆ, ಅವು ಕಠಿಣ. ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎಡಗಡೆಯ ಶ್ವಾಸಕೋಶ ಬಹಳ ಕೆಟ್ಟಿದೆ. ಡಾಕ್ಟರು ನನ್ನೊಡನೆ ಬಾಯಿ ಬಿಟ್ಟು ಮಾತಾಡುವುದಿಲ್ಲ. ನಾನು ಇದೇ ಇಲಾಖೆಯವಳಾಗಿದ್ದೆ, ಅವರು ಹೇಳದೆ ಬಿಟ್ಟಿದ್ದು ನನಗೆ ಅರ್ಥವಾಗುತ್ತದೆ.

ನಿಮಗೆ ಬಯ್ದು ಬರೆಯಬೇಕೆಂದು ಬಹಳ ಸಲ ಕೂತಿದ್ದೇನೆ. ಬರೆಯುತ್ತ ಹೋದಂತೆ ಅದು ನನ್ನ ಕಡೆಗೇ ತಿರುಗುತ್ತದೆ. ಗುಳಿಗೆ ಎದುರಿಗೆ ನಿಂತು ನುಂಗಿಸಬೇಕು, ಬಾಯಿ ಮಾತು ನಂಬಬಾರದು ಎಂದು ನಾನೇ ಎಷ್ಟೋ ಹುಡುಗಿಯರಿಗೆ ತರಬೇತಿ ಕೊಟ್ಟವಳು. ಮಗಳ ಬಾಯಿ ಮಾತು ನಂಬಿದೆ. ಒಂದು ತಾಸಿನ ದಾರಿ ಅಕ್ಕ. ನೀವು ಕರೆಯಲಿ ಎಂದು ಕೂತೆ. ನನ್ನ ತಿಳುವಳಿಕೆ ಎಲ್ಲ ತಲೆಯಲ್ಲಿತ್ತು, ಕಾಲಿಗೆ ಇಳಿಯಲಿಲ್ಲ.

ಅಶ್ವಿನಿ ನಿಮ್ಮ ಮೇಲೆ ಸಿಟ್ಟಾಗಿಲ್ಲ. ಅದು ನನಗೆ ಸಂಕಟ. ನಿನ್ನೆ ನಾನು ಪ್ರಾರ್ಥನೆ ಮಾಡುತ್ತಿದ್ದಾಗ ಕೈ ಹಿಡಿದಳು. "ಅವ್ವಾ, ನಾ ಹೇಳಿದ ಸಾಕ್ಷಿ ಸುಳ್ಳಾತೇನು?" ಎಂದು ಕೇಳಿದಳು. ಇಲ್ಲ ಮಗಳೇ ಎಂದೆ. ಆವತ್ತು ನೀನು ಆರಾಮಿದ್ದೆ, ಇದ್ದದ್ದನ್ನೇ ಹೇಳಿದೆ ಎಂದೆ. "ಅತ್ತಿಗೂ ಹಂಗ ಹೇಳು. ಒಬ್ಬರ ಕುಂತು ಅಳತಿರ್ತಾರ," ಎಂದಳು. ಹೇಳಿದ್ದೇನೆ.

ಚನ್ನುವನ್ನು ನೋಡಬೇಕೆನ್ನುತ್ತಾಳೆ. ವಾರ್ಡಿಗೆ ಕರೆತರುವಂತಿಲ್ಲ. ಮಗುವಿನ ಪರೀಕ್ಷೆಯೂ ಆಗಬೇಕು, ತಡ ಮಾಡಬೇಡಿ.

ಸುಕನ್ಯಾ


ಮಸ್ಕಿ
2 ಮಾರ್ಚ್ 2024

ಸುಕನ್ಯಾ,

ತಂಗಿ ಎಂದು ಬರೆಯಲು ನನಗೆ ಅಧಿಕಾರವಿಲ್ಲ.

ಅಶ್ವಿನಿಯ ಮಣ್ಣಿನ ದಿನ ನೀವು ನನ್ನ ಕಡೆ ನೋಡಲಿಲ್ಲ. ಸರಿಯಾಗಿಯೇ ಮಾಡಿದಿರಿ. ಆದರೆ ನೀವು ಹೋದ ಮೇಲೆ ನಡೆದದ್ದು ನಿಮಗೆ ಗೊತ್ತಿರಬೇಕು.

ನಮ್ಮ ಸ್ತ್ರೀ ಸಮಾಜದ ಹೆಂಗಸರು ಪ್ರಾರ್ಥನೆಗೆ ಬಂದರು. ನಾನೇ ಅವರ ಅಧ್ಯಕ್ಷಿಣಿ. ಅವರಲ್ಲಿ ಒಬ್ಬಳು ನನ್ನ ಕೈ ಹಿಡಿದು, "ದೇವರ ಜ್ಞಾನ ನಮಗ ತಿಳಿಯಂಗಿಲ್ಲಮ್ಮ. ಆತಗ ಅಕಿ ಬೇಕಾಗಿದ್ಲು, ಕರಕೊಂಡ," ಎಂದಳು. ಈ ಮಾತನ್ನು ನಾನೇ ಎಷ್ಟೋ ಮನೆಗಳಲ್ಲಿ ಕೂತು ಹೇಳಿದ್ದೇನೆ. ಕೂಸು ಕಳೆದುಕೊಂಡವರಿಗೆ, ಗಂಡನನ್ನು ಕಳೆದುಕೊಂಡವರಿಗೆ. ಕೇಳುವವರಿಗೆ ಅದು ಹೇಗಿರುತ್ತದೆ ಎಂದು ಆವತ್ತು ತಿಳಿಯಿತು. "ಇದ್ರಾಗ ದೇವರ ಕೈ ಇಲ್ಲಬೇ. ನನ್ನ ಕೈ ಐತಿ," ಎಂದೆ. ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡರು. ಚಹಾ ಕುಡಿಯದೆ ಎದ್ದು ಹೋದರು.

ನಿಮಗೆ ಬರೆಯದೆ ಉಳಿಸಿಕೊಂಡದ್ದು ಒಂದಿದೆ. ಜೂನಿನ ಆ ಭಾನುವಾರ ಪಾಸ್ಟರು ಸಂತೋಷಪಟ್ಟರು ಎಂದಷ್ಟೇ ಬರೆದಿದ್ದೆ. ಆರಾಧನೆ ಮುಗಿದ ಮೇಲೆ ಅವರು ನನ್ನ ಹಿಂದೆ ಗೇಟಿನವರೆಗೂ ಬಂದಿದ್ದರು. "ಅಮ್ಮಾ, ಸ್ತೋತ್ರ ಮಾಡೋಣು. ಗುಳಿಗಿ ಮಾತ್ರ ಬಿಡಿಸಬ್ಯಾಡ್ರಿ. ಮ್ಯಾಲಿಂದ ಬರೋ ಜ್ಞಾನ ಮೆತ್ತಗಿರ್ತದ್ರಿ. ಮತ್ತೊಬ್ಬರು ಹೇಳಿದ್ದು ಕೇಳ್ತದ," ಎಂದರು. ನನ್ನ ಮಗನ ವಯಸ್ಸಿನವ, ಓದಲು ಹೋಗಿ ಲೋಕದ ಬುದ್ಧಿ ಕಲಿತು ಬಂದಿದ್ದಾನೆ ಎಂದುಕೊಂಡೆ. ಮೇಲಿನ ಜ್ಞಾನ ಯಾವುದು, ಕೆಳಗಿನದು ಯಾವುದು ಎಂದು ನಿರ್ಧರಿಸುವ ಕೆಲಸ ನನ್ನದೇ ಎಂದುಕೊಂಡಿದ್ದೆ. ಗಟ್ಟಿಯಾಗಿ ನಿಂತದ್ದನ್ನೆಲ್ಲ ನಂಬಿಕೆ ಎಂದು ಕರೆದೆ.

ಈಗ ನನಗೆ ಪ್ರಾರ್ಥನೆ ಬರುತ್ತಿಲ್ಲ. ಬಾಯಿ ತೆರೆದರೆ ಹಳೆಯ ಪ್ರಾರ್ಥನೆಯೇ ಬರುತ್ತದೆ, ಅಶ್ವಿನಿಯನ್ನು ಗುಣಪಡಿಸು ಎಂಬುದು.

ವೀರೇಶನ ಜೊತೆ ಚನ್ನುವನ್ನು ಕಳಿಸಿದ್ದೇನೆ. ಬಟ್ಟೆಯನ್ನೆಲ್ಲ ಇಟ್ಟಿದ್ದೇನೆ. ಆಕೆಯನ್ನು ಪರೀಕ್ಷೆ ಮಾಡಿಸಿ, ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಈ ಮಗುವಿನ ವಿಷಯದಲ್ಲಿ ನನ್ನ ಬುದ್ಧಿಯನ್ನು ನಾನು ನಂಬುವುದಿಲ್ಲ. ಹೊರಡುವಾಗ ಅತ್ತಳು. ನಾನು ಒಳಗೆ ಹೋದೆ.

ಪೀರಮ್ಮ


ಲಿಂಗಸುಗೂರು
10 ಮಾರ್ಚ್ 2024

ಅಕ್ಕ,

ಚನ್ನುವಿನ ಎಲ್ಲ ಪರೀಕ್ಷೆ ಆಯಿತು. ಆಕೆಗೆ ರೋಗ ಬಂದಿಲ್ಲ. ಆದರೆ ತಾಯಿಯ ಪಕ್ಕದಲ್ಲಿ ಮಲಗಿದ ಮಗು. ಬಾರದಿರಲೆಂದು ಆರು ತಿಂಗಳು ದಿನಾ ಗುಳಿಗೆ ಕೊಡಬೇಕೆಂದಿದ್ದಾರೆ.

ಆಕೆಯನ್ನು ವಾಪಸು ಕಳಿಸಿದ್ದೇನೆ. ಗುಳಿಗೆಯ ಚೀಟಿ, ಗುಳಿಗೆ ಎರಡೂ ವೀರೇಶನ ಬಳಿ ಇವೆ.

ನಾನು ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ. ಕ್ಷಮಿಸುವ ಮನಸ್ಸು ಕೊಡು ಎಂದು ದಿನಾ ಕೇಳುತ್ತಿದ್ದೇನೆ, ಇನ್ನೂ ಬಂದಿಲ್ಲ. ಅದಕ್ಕೇ ಮಗುವನ್ನು ಇಲ್ಲಿ ಇಟ್ಟುಕೊಳ್ಳಲಾರೆ. ನನ್ನ ಬಾಯಿ ನನಗೆ ಗೊತ್ತು. ಅನ್ನದ ಜೊತೆ ದಿನಾ ನಿಮ್ಮ ಮೇಲಿನ ಸಿಟ್ಟನ್ನೂ ಕಲಸಿ ಉಣಿಸುತ್ತೇನೆ. ಈ ವಾರದಲ್ಲೇ ಒಂದು ಸಲ ಹಾಗೆ ಮಾಡಿದೆ. "ಅಜ್ಜಿಗೆ ಬೈಬ್ಯಾಡ," ಎಂದು ತಟ್ಟೆ ದೂಡಿದಳು. ತಾಯಿಯನ್ನು ಕಳೆದುಕೊಂಡ ಮಗುವಿಗೆ ನಿಮ್ಮನ್ನೂ ಕಳೆಯುವ ಹಕ್ಕು ನನಗಿಲ್ಲ.

ಗುಳಿಗೆಯನ್ನು ನೀವೇ, ನಿಮ್ಮ ಕೈಯಿಂದಲೇ ಕೊಡಬೇಕು. ನುಂಗುವುದನ್ನು ನಿಂತು ನೋಡಬೇಕು. ಗುಲ್ಷನ್‌ಬೀಗೆ ಹೇಳಿದ್ದೇನೆ, ಬರುತ್ತಾಳೆ. ಬಾಗಿಲು ತೆರೆಯಿರಿ. ವಾರಕ್ಕೊಮ್ಮೆ ನಾನೂ ಬರುತ್ತೇನೆ. ಕರೆಯುವವರೆಗೆ ಕಾಯುವುದಿಲ್ಲ.

ಸುಕನ್ಯಾ


ಮಸ್ಕಿ
12 ಮಾರ್ಚ್ 2024

ಸುಕನ್ಯಾ,

ನಿನ್ನೆ ಕೊಟ್ಟೆ. ಇವತ್ತೂ ಕೊಟ್ಟೆ. ಗುಲ್ಷನ್‌ಬೀ ಎದುರಿಗೆ ಕೂತಿದ್ದಳು, ಹಳೆಯ ಮಾತು ತೆಗೆಯಲಿಲ್ಲ.

ಇವತ್ತು ಚನ್ನು ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಬಲಗಿವಿಯ ಹತ್ತಿರ ಬಂದು ಕೇಳಿದಳು.

"ಅವ್ವನೂ ಗುಳಿಗಿ ತಗೊಂತಿದ್ಲೇನು?"

"ಹೂಂ, ತಗೊಂತಿದ್ಲು."

"ಮತ್ಯಾಕ ಸತ್ಲು?"

ಇಂಥ ಪ್ರಶ್ನೆಗೆ ಕೊಡುವ ಉತ್ತರಗಳು ನನ್ನ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿದ್ದವು. ದೇವರು ಕರಕೊಂಡ, ಪರಲೋಕದಲ್ಲಿದ್ದಾಳೆ, ನಮಗೆ ತಿಳಿಯುವುದಿಲ್ಲ. ಅವುಗಳಲ್ಲಿ ಒಂದನ್ನು ಹೇಳಿದ್ದರೆ ಮಗು ಸುಮ್ಮನಾಗುತ್ತಿತ್ತು. ಗುಲ್ಷನ್‌ಬೀಯೂ ಹೇಳಬೇಡಿ ಎಂಬಂತೆ ತಲೆಯಾಡಿಸಿದಳು.

"ನಾ ಬಿಡಿಸಿದ್ನೆವ್ವ," ಎಂದೆ.

ಐದು ವರ್ಷದ ಮಗುವಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ನನ್ನ ಮುಖ ನೋಡಿದಳು. ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ನುಂಗಿದ್ದೇನೆಂದು ನಂಬಿಸಲು ಬಾಯಿ ಅಗಲಿಸಿ ನಾಲಿಗೆ ಎತ್ತಿ ತೋರಿಸಿದಳು. ನಾನು ಬಗ್ಗಿ ನೋಡಿದೆ.

ಪೀರಮ್ಮ